ಮಾವನ 286 ಮತ್ತೆ ಕನ್ನಡ ಬರೆಯಿತು

ಹಳೇ 286 ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಧೂಳು ಒರೆಸುವಷ್ಟರಲ್ಲೇ ಸೋದರಮಾವ ಪ್ಲಗ್ ಹಿಡಿದು ನಿಂತಿದ್ದರು. "ಒಂದ್ಸಲ ಹಾಕಿ ನೋಡೇ ಬಿಡೋಣ ಕಣೋ." ಬೇಡ ಮಾವ, ಮೊದಲು ಬಿಚ್ಚಿ ನೋಡೋಣ ಅಂದೆ. ಇಪ್ಪತ್ತು ವರ್ಷಕ್ಕೂ ಮೇಲೆ ಕರೆಂಟ್ ಕಾಣದ ಕಂಪ್ಯೂಟರ್‌ಗೆ ನೇರ ಮೇನ್ಸ್ ಕೊಟ್ಟರೆ, ರಿಪೇರಿ ಆಗಬಹುದಾಗಿದ್ದ ಬೋರ್ಡೂ ಸುಟ್ಟುಹೋಗಬಹುದು. ಈ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ್ದು ಏನಾದರೂ ಇದ್ದರೆ, ಆವತ್ತು ಆ ಪ್ಲಗ್ ಕಿತ್ತಿಟ್ಟಿದ್ದೇ.

ಮಾವ 1991ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದರು. ಸುತ್ತ ಪ್ರಿಂಟಿಂಗ್ ಪ್ರೆಸ್‌ಗಳು, ಕೆಲಸಕ್ಕೆ ಕೊರತೆ ಇರಲಿಲ್ಲ. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆಯ ಒಕ್ಕಣೆ ಎಲ್ಲವೂ ಇದೇ ಪೆಟ್ಟಿಗೆಯಲ್ಲಿ ಆಗುತ್ತಿತ್ತು. 12 ಮೆಗಾಹರ್ಟ್ಸ್‌ನ 286 ಪ್ರೊಸೆಸರ್, 1 ಎಂಬಿ ಮೆಮೊರಿ, ಸೀಗೇಟ್ ಎಸ್‌ಟಿ-225 ಅನ್ನುವ 20 ಎಂಬಿ ಹಾರ್ಡ್ ಡಿಸ್ಕ್, ಹಸಿರು ಅಕ್ಷರದ ಮಾನಿಟರ್. ಇಷ್ಟೇ ಆಗಿದ್ದರೆ ನಾನು ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೇ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿ ತೋರಿಸಿ ಸುಮ್ಮನಾಗುತ್ತಿದ್ದೆ. ಆದರೆ ಒಳಗೆ ಒಂದು ಸ್ಲಾಟ್‌ನಲ್ಲಿ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡ್ ಕೂತಿತ್ತು. ಕಮ್ಯಾಂಡ್ ಟೈಪ್ ಮಾಡಿಯೇ ಕೆಲಸ ಮಾಡಿಸಬೇಕಿದ್ದ ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳನ್ನು ತೆರೆಯ ಮೇಲೆ ತಂದ ಕಾರ್ಡ್ ಅದು. ಕನ್ನಡದ ಅಕ್ಷರ ಆ ಕಾರ್ಡಿನ ಚಿಪ್ಪುಗಳಲ್ಲೇ ಇದೆ. ಅದು ಮಾತಾಡಬೇಕಾದರೆ ಇಡೀ ಯಂತ್ರ ಎದ್ದು ಕೂರಲೇಬೇಕು.

ಮುಚ್ಚಳ ತೆಗೆದ ಕೂಡಲೇ ಕಂಡಿದ್ದು ಹಸಿರು ಕಿಲುಬು. ಆ ಕಾಲದ ಬೋರ್ಡ್‌ಗಳಲ್ಲಿ ಗಡಿಯಾರ ಮತ್ತು ಸೆಟಪ್ ಉಳಿಸಿಕೊಳ್ಳಲು 3.6 ವೋಲ್ಟ್‌ನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಿದ್ದರು. ಪೀಪಾಯಿ ಆಕಾರದ, ಹೆಬ್ಬೆರಳಿನಷ್ಟು ದಪ್ಪದ್ದು. ಅದು ಸೋರಿದರೆ ಹೊರಬರುವುದು ಕ್ಷಾರ. ಅದು ಸದ್ದಿಲ್ಲದೆ ತಾಮ್ರದ ಟ್ರ್ಯಾಕ್‌ಗಳನ್ನು ತಿನ್ನುತ್ತಾ ಹೋಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಕೀಬೋರ್ಡ್ ಸಾಕೆಟ್ ಇರುವುದರಿಂದ ಮೊದಲ ಏಟು ಬೀಳುವುದು ಅದಕ್ಕೆ.

ಬ್ಯಾಟರಿ ಕತ್ತರಿಸಿ ತೆಗೆದೆ. ಅಡುಗೆಮನೆಯ ಬಿಳಿ ವಿನೆಗರ್ ಹತ್ತಿಯಲ್ಲಿ ಅದ್ದಿ ಇಟ್ಟಾಗ ಸಣ್ಣಗೆ ಗುಳ್ಳೆ ಎದ್ದವು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒಣಗಿಸಿದೆ. ವಿನೆಗರ್ ಬೋರ್ಡ್ ಮೇಲೆ ಉಳಿಯಬಾರದು, ಆಮೇಲೆ ಅದೂ ತಿನ್ನಲು ಶುರುಮಾಡುತ್ತದೆ. ಕಿಲುಬು ಹೋದ ಮೇಲೆ ಭೂತಗನ್ನಡಿ ಇಟ್ಟು ನೋಡಿದರೆ ಕೀಬೋರ್ಡ್ ಸಾಕೆಟ್‌ನಿಂದ 8042 ಅನ್ನುವ ಕೀಬೋರ್ಡ್ ನಿಯಂತ್ರಿಸುವ ಚಿಪ್‌ಗೆ ಹೋಗುವ ಎರಡು ಟ್ರ್ಯಾಕ್ ಕಟ್ ಆಗಿದ್ದವು. ಮಲ್ಟಿಮೀಟರ್ ಬೀಪ್ ಅನ್ನಲಿಲ್ಲ.

ಅದಕ್ಕೆ ಬೇಕಾಗಿದ್ದು ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಯಲ್ಲಿ ನಾಲ್ಕೈದು ಕಡೆ ಕೇಳಿದೆ, ದೊಡ್ಡ ರೋಲ್ ಬಿಟ್ಟರೆ ಕೊಡಲ್ಲ ಅಂದರು. ಕೊನೆಗೆ ಎಸ್‌ಜೆಪಿ ರಸ್ತೆಯ ಕಡೆ ಮೋಟಾರ್ ರಿವೈಂಡಿಂಗ್ ಮಾಡುವ ಒಬ್ಬ ಹಿರಿಯರು ಒಂದು ಮಾರು ತಂತಿ ಕತ್ತರಿಸಿ ಬೆರಳಿಗೆ ಸುತ್ತಿ ಕೊಟ್ಟರು. "ದುಡ್ಡು ಬೇಡ ಹೋಗಪ್ಪ, ತುದಿ ಚೆನ್ನಾಗಿ ಕೆರಿ, ಎನಾಮಲ್ ಇರುತ್ತೆ" ಅಂದರು. ತುದಿ ಕೆರೆದು, ಬೆಸೆದು, ಮೇಲೆ ಒಂದು ತೊಟ್ಟು ನೇಲ್ ಪಾಲಿಷ್ ಹಾಕಿದೆ. ಅಲ್ಲಿಂದ ಮುಂದೆ ಬಿಡಿಭಾಗ ಹುಡುಕುವ ರೀತಿಯನ್ನೇ ಬದಲಿಸಿದೆ.

ಎಸ್‌ಪಿ ರಸ್ತೆಗೆ ಹೋಗಿ "286ಗೆ ಪಾರ್ಟ್ ಇದೆಯಾ" ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಯಾವ ಕಾಲದ್ದು ಸಾರ್, ಬಿಸಾಕಿ, ಸೆಕೆಂಡ್ಸ್‌ನಲ್ಲಿ ಐ3 ಕೊಡ್ತೀನಿ." ಅವರ ತಪ್ಪೇನಿಲ್ಲ, ರಸ್ತೆ ಮುಂಭಾಗದ ಅಂಗಡಿಗಳಲ್ಲಿ ಓಡುವುದು ಹೊಸ ಮಾಲು. ಕಂಪ್ಯೂಟರಿನ ಹೆಸರು ಹೇಳಬಾರದು, ವಸ್ತುವಿನ ಹೆಸರು ಹೇಳಬೇಕು. "25 ವೋಲ್ಟ್, 10 ಮೈಕ್ರೊಫ್ಯಾರಡ್ ಟ್ಯಾಂಟಲಮ್ ಕೆಪಾಸಿಟರ್" ಅಂದರೆ ಬಿಡಿಭಾಗದ ಅಂಗಡಿಯವನು ಡಬ್ಬಿ ತೆಗೆಯುತ್ತಾನೆ. ಕೀಬೋರ್ಡ್‌ನ ದೊಡ್ಡ ದುಂಡು ಪ್ಲಗ್‌ಗೆ "ಐದು ಪಿನ್ ಡಿನ್" ಅಂದರೆ ಆಡಿಯೊ ಅಂಗಡಿಯಲ್ಲೂ ಸಿಗುತ್ತದೆ. ಸಂಗೀತದ ಕೀಬೋರ್ಡ್‌ಗಳ ಮಿಡಿ ಕೇಬಲ್‌ನದೂ ಅದೇ ಪ್ಲಗ್, ಆದರೆ ಆ ಕೇಬಲ್ ತಂದು ಜೋಡಿಸಬೇಡಿ: ಬಹಳಷ್ಟರಲ್ಲಿ ಮೂರು ಪಿನ್‌ಗೆ ಮಾತ್ರ ತಂತಿ ಇರುತ್ತದೆ, ನಮಗೆ ಕ್ಲಾಕ್, ಡೇಟಾ, ಗ್ರೌಂಡ್, 5 ವೋಲ್ಟ್ ಹೀಗೆ ನಾಲ್ಕು ಬೇಕು. ತೊಳೆದಿಟ್ಟ ಮಾವನ ಕೀಬೋರ್ಡ್ ಒಣಗುವವರೆಗೆ ನಾನು ಒಂದು ಆಮೇಲಿನ ಕಾಲದ ಪಿಎಸ್/2 ಕೀಬೋರ್ಡಿಗೆ ಡಿನ್ ಪ್ಲಗ್ ಬೆಸೆದುಕೊಂಡೆ. ಸಂಕೇತ ಎರಡಕ್ಕೂ ಒಂದೇ, ಪ್ಲಗ್ ಮಾತ್ರ ಬೇರೆ.

ಇನ್ನು ಚಿಪ್ಪುಗಳಿಗೆ ಸಂಡೆ ಬಜಾರ್. ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಟಾರ್ಪಾಲ್ ಹಾಸಿ ಗುಡ್ಡೆ ಹಾಕಿದ್ದರಲ್ಲಿ ಕೈ ಆಡಿಸಿದರೆ ಹಳೇ ಬೋರ್ಡ್‌ಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ಕೆಟ್ಟಿರುವ ಒಂದು 286 ಬೋರ್ಡ್ ತಂದರೆ ಅದರಲ್ಲಿ ಸಾಕೆಟ್‌ನಲ್ಲಿ ಕೂತ ಮೆಮೊರಿ ಚಿಪ್, ಜಂಪರ್, ಸ್ಕ್ರೂ ಎಲ್ಲ ನಮ್ಮದೇ. ನಮ್ಮ ಬೋರ್ಡಿನ 1 ಎಂಬಿ ಅಂದರೆ 41256 ಅನ್ನುವ ಚಿಪ್ 36, ಒಂಬತ್ತರಂತೆ ನಾಲ್ಕು ಸಾಲು. ಪ್ರತಿ ಸಾಲಿನ ಒಂಬತ್ತನೆಯದು ಪ್ಯಾರಿಟಿಗೆ, ಅಂದರೆ ತಪ್ಪು ಪತ್ತೆ ಹಚ್ಚಲು. ವರ್ಷಾನುಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಇವು ಸಾಕೆಟ್‌ನಿಂದ ಮೇಲೆದ್ದಿರುತ್ತವೆ. ಹೆಬ್ಬೆರಳಲ್ಲಿ ಒಂದೊಂದಾಗಿ ಒತ್ತುತ್ತಾ ಹೋದಾಗ ಕಟ್, ಕಟ್ ಅಂತ ಕೂತುಕೊಂಡವು. ಬದಲಿಸಬೇಕಾಗಿ ಬಂದದ್ದು ಎರಡೇ.

ಪವರ್ ಸಪ್ಲೈಗೆ ನಾನು ಕೊಟ್ಟ ಸಮಯ ಬೇರೆ ಯಾವುದಕ್ಕೂ ಕೊಡಲಿಲ್ಲ. ಮೊದಲು ಅದನ್ನು ಬೋರ್ಡಿನಿಂದ ಪೂರ್ತಿ ಬೇರೆ ಮಾಡಿದೆ. ಟಿವಿ ಮೆಕ್ಯಾನಿಕ್‌ಗಳ ಬೆಂಚಿನ ಮೇಲೆ ಇರುವ ಸೀರೀಸ್ ಬೋರ್ಡ್ ನೋಡಿರುತ್ತೀರಿ, ಮೇನ್ಸ್ ಮತ್ತು ಯಂತ್ರದ ನಡುವೆ ಒಂದು ಫಿಲಮೆಂಟ್ ಬಲ್ಬ್. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜಗ್ಗನೆ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಈಗೆಲ್ಲ ಎಲ್ಇಡಿ ಬಂದು 100 ವ್ಯಾಟ್‌ನ ಹಳೇ ಬಲ್ಬ್ ಸಿಗುವುದೇ ಕಷ್ಟ. ನಮ್ಮ ಬೀದಿಯ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎರಡು ಉಳಿದಿದ್ದವು, ಎರಡೂ ತಂದೆ. ಇನ್ನೊಂದು ಸಂಗತಿ: 286 ಕಾಲದ ಈ ಎಟಿ ಮಾದರಿಯ ಸಪ್ಲೈಗಳು ಲೋಡ್ ಇಲ್ಲದೆ ಸರಿಯಾಗಿ ಏಳುವುದಿಲ್ಲ. ಜೆಸಿ ರಸ್ತೆಯ ಕಾರ್ ಬಿಡಿಭಾಗದ ಅಂಗಡಿಯಿಂದ 12 ವೋಲ್ಟ್, 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ತಂದು 5 ವೋಲ್ಟ್ ತಂತಿಗೆ ಕಟ್ಟಿದೆ. ಅದು ಒಂದು ಆಂಪಿಯರ್ ಚಿಲ್ಲರೆ ಎಳೆಯುತ್ತದೆ, ಅಷ್ಟು ಸಾಕು.

ಮೊದಲ ಸಲ ಸೀರೀಸ್ ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು, ಅಂದರೆ ಶಾರ್ಟ್ ಇಲ್ಲ. ಆದರೆ 5 ವೋಲ್ಟ್ ಇರಬೇಕಾದ ಕಡೆ 4.4. ಔಟ್‌ಪುಟ್ ಕಡೆಯ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ಒಣಗಿದ್ದವು. ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದು ಹಾಕಿದೆ. ಮೇಲೆ 105 ಡಿಗ್ರಿ ಅಂತ ಅಚ್ಚಾಗಿತ್ತು, ಹತ್ತು ದಿನಕ್ಕೆ ಎರಡರ ತಲೆ ಉಬ್ಬಿತು. ಹಳೇ ಮಾಲಿಗೆ ಹೊಸ ತೊಗಲು ಹೊದಿಸಿ ಮಾರಿದ್ದು ಅದು. ಅವತ್ತು ಬೋರ್ಡ್ ಜೋಡಿಸಿರಲಿಲ್ಲವಾದ್ದರಿಂದ ಬಚಾವ್. ಎರಡನೇ ಸಲ ಬಿಲ್ ಕೊಡುವ ಅಂಗಡಿಯಲ್ಲಿ ತೆಗೆದುಕೊಂಡು, ಒಂದೊಂದನ್ನೂ ಮೀಟರ್‌ನಲ್ಲಿ ಅಳೆದೇ ಹಾಕಿದೆ. ಆಗ 5.03 ಬಂತು. 4.75ರಿಂದ 5.25ರ ಒಳಗಿದ್ದರೆ ಧೈರ್ಯವಾಗಿ ಬೋರ್ಡಿಗೆ ಕೊಡಬಹುದು. ಕೊಡುವಾಗ ಪಿ8, ಪಿ9 ಅನ್ನುವ ಎರಡು ಪ್ಲಗ್‌ಗಳ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಅಲ್ಲಿಗೇ ಮುಗಿಯಿತು.

ಬ್ಯಾಟರಿಯ ಜಾಗಕ್ಕೆ ಮೂರು ಎಎ ಸೆಲ್‌ನ ಹೋಲ್ಡರ್ ಹಾಕಿ, ನಡುವೆ ಒಂದು ಡಯೋಡ್ ಬೆಸೆದೆ. ಹಳೇ ಬ್ಯಾಟರಿಯನ್ನು ಬೋರ್ಡ್ ಚಾರ್ಜ್ ಮಾಡುತ್ತಿತ್ತು, ಸಾಧಾರಣ ಸೆಲ್‌ಗೆ ಚಾರ್ಜ್ ಹೋಗಬಾರದು. ಹೋಲ್ಡರ್ ಅನ್ನು ಉದ್ದನೆಯ ತಂತಿಯಲ್ಲಿ ಪೆಟ್ಟಿಗೆಯ ಗೋಡೆಗೆ ಅಂಟಿಸಿದ್ದೇನೆ. ಇನ್ನು ಸೋರಿದರೂ ಬೋರ್ಡಿಗೆ ತಾಗುವುದಿಲ್ಲ.

ಮಾನಿಟರ್ ಹಾಕಿದರೆ ನಡುವೆ ಒಂದೇ ಒಂದು ಹಸಿರು ಅಡ್ಡಗೆರೆ. ತೆರೆಗೆ ಚಿತ್ರ ಕಳಿಸುವ ಹರ್ಕ್ಯುಲಿಸ್ ಕಾರ್ಡಿನ ಸಿಗ್ನಲ್ ಇವತ್ತಿನ ಯಾವ ಮಾನಿಟರ್‌ಗೂ ನೇರವಾಗಿ ಹೋಗದು, ಇದನ್ನೇ ಉಳಿಸಬೇಕಿತ್ತು. ಪಿಕ್ಚರ್ ಟ್ಯೂಬಿನ ಒಳಗೆ ಆಫ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ಕೂತಿರುತ್ತದೆ, ಅದಕ್ಕೆ ನಾನು ಕೈ ಹಾಕಲಿಲ್ಲ. ಹನುಮಂತನಗರದಲ್ಲಿ ಹಳೇ ಟಿವಿ ರಿಪೇರಿ ಮಾಡುವ ಅಣ್ಣನೊಬ್ಬರ ಹತ್ತಿರ ಆಟೊದಲ್ಲಿ ಒಯ್ದೆ. ಅವರು ಗೆರೆ ನೋಡಿದ್ದೇ, "ವರ್ಟಿಕಲ್ ಹೋಗಿದೆ, ಎಲ್‌ಓಟಿ ಚೆನ್ನಾಗಿದೆ, ಹೆದರಬೇಡಿ" ಅಂದರು. ವರ್ಟಿಕಲ್ ಅಂದರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ಭಾಗ, ಎಲ್‌ಓಟಿ ಅಂದರೆ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್. ಹಿಂದಿನ ಮುಚ್ಚಳ ಬಿಚ್ಚಿ, ಡಿಸ್‌ಚಾರ್ಜ್ ಮಾಡಿ, ಬೋರ್ಡನ್ನು ದೀಪಕ್ಕೆ ಹಿಡಿದು ವಾಲಿಸಿದರು. ವರ್ಟಿಕಲ್ ಐಸಿಯ ಒಂದು ಕಾಲಿನ ಸುತ್ತ ಉಗುರಿನ ಗೀರಿನಷ್ಟು ಕಪ್ಪು ಉಂಗುರ. ಡ್ರೈ ಸೋಲ್ಡರ್, ಅಂದರೆ ಬೆಸುಗೆ ಬಿಟ್ಟಿತ್ತು. ಕಾದ ಐರನ್ ತಾಗಿಸಿ, ಸ್ವಲ್ಪ ಹೊಸ ಸೋಲ್ಡರ್ ಕೊಟ್ಟರು. ಆ ಗೆರೆ ರೋಲರ್ ಶಟರ್ ಎತ್ತಿದ ಹಾಗೆ ಮೇಲೆ ಕೆಳಗೆ ಬಿಚ್ಚಿಕೊಂಡಿತು. ಇನ್ನೂರು ರೂಪಾಯಿ ತೆಗೆದುಕೊಂಡರು. ಇಂಥ ಕೈಗಳು ಊರಿನಲ್ಲಿ ಕಡಿಮೆಯಾಗುತ್ತಿವೆ, ನನಗೆ ನಿಜವಾಗಿ ಚಿಂತೆ ಇರುವುದು ಈ ಬಗ್ಗೆಯೇ. ಚಿಪ್ಪು ಇನ್ನೂ ಬಹಳ ವರ್ಷ ಗುಜರಿಯಲ್ಲಿ ಸಿಗುತ್ತದೆ.

ಈಗ ಹಾರ್ಡ್ ಡಿಸ್ಕ್. ಎಸ್‌ಟಿ-225ಗೆ ಓದಿ ಬರೆಯುವ ಹೆಡ್ ತಾನಾಗಿ ಪಾರ್ಕ್ ಆಗುವ, ಅಂದರೆ ಸುರಕ್ಷಿತ ಜಾಗಕ್ಕೆ ಸರಿಯುವ ವ್ಯವಸ್ಥೆ ಇಲ್ಲ. ಮಾವ ಅಂಗಡಿ ಮುಚ್ಚುವಾಗ ಪಾರ್ಕ್ ಮಾಡಿದ್ದರೋ ಇಲ್ಲವೋ ಅವರಿಗೂ ನೆನಪಿಲ್ಲ. ಕರೆಂಟ್ ಕೊಟ್ಟರೆ ತಿರುಗಲಿಲ್ಲ. ಪ್ಲೇಟಿಗೆ ಹೆಡ್ ಅಂಟಿಕೊಂಡಿತ್ತು. ಡಿಸ್ಕನ್ನು ಎರಡೂ ಕೈಯಲ್ಲಿ ಚಪ್ಪಟೆಯಾಗಿ ಹಿಡಿದು, ನಲ್ಲಿ ತಿರುಗಿಸುವ ಹಾಗೆ ಒಮ್ಮೆ ಚುರುಕಾಗಿ ಅತ್ತಿತ್ತ ತಿರುವಿದೆ. ಸಣ್ಣದಾಗಿ ಟಿಕ್ ಅಂದಿತು. ಮತ್ತೆ ಕೊಟ್ಟಾಗ ನಿಧಾನವಾಗಿ ಏರುವ ಆ ಸದ್ದು ಕೇಳಿ ಒಳಗಿನಿಂದ ಮಾವ ಎದ್ದು ಬಂದರು.

ಸೆಟಪ್ ಅಳಿಸಿಹೋಗಿತ್ತು. 615 ಸಿಲಿಂಡರ್, 4 ಹೆಡ್, 17 ಸೆಕ್ಟರ್, ಸೆಟಪ್‌ನ ಡಿಸ್ಕ್ ಪಟ್ಟಿಯಲ್ಲಿ ಇದು ಟೈಪ್ 2. ಹಾಕಿದೆ. ಡಾಸ್ ಬಂತು, ಆದರೆ ಫೈಲ್ ತೆರೆದರೆ ಓದಲಾಗದೆಂಬ ದೂರು. ಇಲ್ಲಿ ಆತುರ ಪಡದೆ ಇದ್ದದ್ದು ಒಳ್ಳೆಯದಾಯಿತು. ಸ್ಟೆಪರ್ ಮೋಟಾರ್ ಇರುವ ಈ ಡಿಸ್ಕ್‌ಗಳಲ್ಲಿ ತಣ್ಣಗಿರುವಾಗ ಹೆಡ್ ನಿಲ್ಲುವ ಜಾಗವೂ ಬಿಸಿಯಾದ ಮೇಲೆ ನಿಲ್ಲುವ ಜಾಗವೂ ಒಂದಿಷ್ಟು ಬೇರೆ. ಬರೆದದ್ದೆಲ್ಲ ಅಂಗಡಿಯಲ್ಲಿ ಇಡೀ ದಿನ ಓಡಿ ಬಿಸಿಯಾಗಿದ್ದಾಗ. ಅರ್ಧ ಗಂಟೆ ಸುಮ್ಮನೆ ಓಡಲು ಬಿಟ್ಟು ಮತ್ತೆ ನೋಡಿದರೆ ಓದತೊಡಗಿತು.

ಫೈಲ್‌ಗಳನ್ನು ಹೊರಗೆ ತೆಗೆಯಲು ಗೋಟೆಕ್ ಅನ್ನುವ ಫ್ಲಾಪಿ ಎಮ್ಯುಲೇಟರ್ ಬಳಸಿದೆ. ಫ್ಲಾಪಿ ಕೇಬಲ್‌ಗೆ ಸಿಕ್ಕಿಸಿ ಪೆನ್‌ಡ್ರೈವ್ ಹಾಕಿದರೆ ಅದರೊಳಗಿನ ಒಂದೊಂದು ಇಮೇಜೂ ಒಂದೊಂದು 1.2 ಎಂಬಿ ಫ್ಲಾಪಿ. ಮೊದಲು ಆಟ್ರಿಬ್ ಕಮ್ಯಾಂಡ್‌ನಿಂದ ಎಲ್ಲ ಫೈಲ್‌ಗೂ ಆರ್ಕೈವ್ ಗುರುತು ಹಾಕಿ, ಎಕ್ಸ್‌ಕಾಪಿಯನ್ನು ಎಂ ಸ್ವಿಚ್ ಜೊತೆ ಓಡಿಸಬೇಕು. ಕಾಪಿಯಾದ ಫೈಲಿನ ಗುರುತು ಅಳಿಯುತ್ತದೆ. ಫ್ಲಾಪಿ ತುಂಬಿ ನಿಂತಾಗ ಗೋಟೆಕ್‌ನ ಗುಂಡಿ ಒತ್ತಿ ಮುಂದಿನ ಇಮೇಜ್‌ಗೆ ಹೋಗಿ ಅದೇ ಕಮ್ಯಾಂಡ್ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಹನ್ನೊಂದು ಇಮೇಜ್‌ಗೆ ಎಲ್ಲ ಬಂತು, ಎರಡು ಫೈಲ್ ಬಿಟ್ಟು.

ಫೈಲ್‌ಗಳು ಭಾರತೀಯ ಲಿಪಿಗಳಿಗೆಂದೇ ಮಾಡಿದ ಇಸ್ಕಿ ಸಂಕೇತದಲ್ಲಿದ್ದವು. ಲ್ಯಾಪ್‌ಟಾಪಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು, ಆದರೆ ಒಳಗೆ ಕ್ರಮ ಇದೆ. 'ಕ' ಅಂದರೆ 179, 'ತ' ಅಂದರೆ 194, ನಡುವೆ 232 ಬಂದರೆ ವಿರಾಮ (ಅರ್ಧಾಕ್ಷರದ ಗುರುತು), ಸೇರಿದರೆ 'ಕ್ತ'. ಒಂದು ಕೋಷ್ಟಕ ಮಾಡಿ ಯೂನಿಕೋಡ್‌ಗೆ ತಿರುಗಿಸಲು ಒಂದು ಸಂಜೆ ಸಾಕಾಯಿತು.

ಜಿಸ್ಟ್ ಕಾರ್ಡಿಗೆ ಏನೂ ಆಗಿರಲಿಲ್ಲ. ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಸ್ಲಾಟ್‌ಗೆ ಕೂರಿಸಿದೆ, ಯಂತ್ರ ಎದ್ದಾಗ ತಾನಾಗಿ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ ಅದನ್ನು ಎಬ್ಬಿಸುವ ಸಾಲು ಆಗಲೇ ಇತ್ತು. ಮಾವ ಕುರ್ಚಿ ಎಳೆದುಕೊಂಡು ಕೂತರು. ಕೀಲಿಗಳ ಮೇಲಿನ ಕನ್ನಡ ಸ್ಟಿಕ್ಕರ್ ಅರ್ಧಕ್ಕರ್ಧ ಉದುರಿಹೋಗಿತ್ತು, ಬೆರಳಿಗೆ ಅದು ಬೇಕಾಗಲಿಲ್ಲ. ಕೆ, ಡಿ, ಎಲ್ ಒತ್ತಿದರು, ಅಂದರೆ ಕ, ವಿರಾಮ, ತ. ಹಸಿರು ತೆರೆಯ ಮೇಲೆ 'ಕ್ತ' ಕೂತಿತು.

"ಪ್ರಿಂಟ್ ಬರುತ್ತೇನೋ?" ಅಂದರು. ಅಟ್ಟದ ಮೇಲೆ ವಿಪ್ರೊ ಎಲ್‌ಎಕ್ಸ್ 800 ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಇತ್ತು. ಅದರ ರಿಬ್ಬನ್ ಎಸ್‌ಪಿ ರಸ್ತೆಯ ಮೊದಲ ಅಂಗಡಿಯಲ್ಲೇ ಸಿಕ್ಕಿತು, ಹೊಸದು, ಪ್ಯಾಕ್ ಒಡೆಯದ್ದು. ಮಾವ ತೆಗೆಸಿದ ಮೊದಲ ಹಾಳೆ 1993ರಲ್ಲಿ ಯಾರದೋ ಮನೆಯ ಗೃಹಪ್ರವೇಶಕ್ಕೆ ಮಾಡಿದ ಆಮಂತ್ರಣ. ಅದರಲ್ಲಿದ್ದ ಒಂದು ಒತ್ತಕ್ಷರದ ತಪ್ಪನ್ನು ಪೆನ್ನಿನಲ್ಲಿ ತಿದ್ದಿ, ಫೈಲಿನಲ್ಲೂ ಸರಿಮಾಡಿ ಸೇವ್ ಮಾಡಿದರು.