ಶ್ವಾಸಕೋಶದ ಕ್ಯಾನ್ಸರ್: ಮನೆಯಲ್ಲಿ ಉಸಿರು ಕಟ್ಟಿದಾಗ ಏನು ಮಾಡಬೇಕು?

ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಅದರಿಂದ ಗಾಬರಿ, ಗಾಬರಿಯಿಂದ ಮತ್ತಷ್ಟು ಏದುಸಿರು. ಶ್ವಾಸಕೋಶದ ಕ್ಯಾನ್ಸರ್ ಇರುವವರ ಮನೆಗಳಲ್ಲಿ ಇದು ನಿತ್ಯದ ಪಾಡು. ಇದನ್ನು ತಗ್ಗಿಸುವ ಉಪಾಯಗಳನ್ನು ಉಪಶಾಮಕ ಆರೈಕೆಯ (ರೋಗಿಯ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್) ನರ್ಸ್‌ಗಳು ಮನೆಯವರಿಗೂ ಕಲಿಸುತ್ತಾರೆ.

ಮೊದಲು ಸುತ್ತ ನೆರೆದವರನ್ನು ಆಚೆ ಕಳಿಸಿ, ಕಿಟಕಿ ತೆರೆಯಿರಿ. ಜೊತೆಗೆ ಒಬ್ಬರಿದ್ದರೆ ಸಾಕು. ರೋಗಿಯನ್ನು ಮಲಗಿಸಬೇಡಿ, ಕೂರಿಸಿ. ಮುಂದೊಂದು ಮೇಜಿಟ್ಟು ಅದರ ಮೇಲೆ ದಿಂಬು ಹಾಕಿ, ತೋಳೂರಿ ಮುಂದಕ್ಕೆ ಬಾಗಲಿ. ತೋಳಿನ ಭಾರ ಇಳಿದರೆ ಭುಜ, ಎದೆಯ ಸ್ನಾಯುಗಳು ಉಸಿರಾಟಕ್ಕೆ ಒದಗುತ್ತವೆ.

ಆಮೇಲೆ ಬ್ಯಾಟರಿಯ ಚಿಕ್ಕ ಕೈಫ್ಯಾನ್. ಗೇಣು ದೂರದಲ್ಲಿ ಹಿಡಿದು ಮೂಗು, ಮೇಲ್ದುಟಿಗೆ ಗಾಳಿ ಬೀಳುವಂತೆ ಮಾಡಿ. ಮುಖದ ನರಗಳಿಗೆ ತಾಗುವ ತಂಪು ಉಸಿರು ಸಾಲದೆಂಬ ಭಾವನೆಯನ್ನು ಇಳಿಸುತ್ತದೆ. ಫ್ಯಾನ್ ಇಲ್ಲದಿದ್ದರೆ ಬೀಸಣಿಗೆಯೂ ಆದೀತು. ಜೊತೆಗೇ, ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿ ಆರಿಸುವಂತೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಲಿ. ‘ಜೋರಾಗಿ ಎಳೆದುಕೋ’ ಎಂದು ಒತ್ತಾಯಿಸುವುದು ಬೇಡ. ಗಮನ ಇರಬೇಕಾದ್ದು ಬಿಡುವ ಉಸಿರಿನ ಮೇಲೆ. ಇದೆಲ್ಲ ಆರಾಮಾಗಿರುವಾಗಲೇ ಅಭ್ಯಾಸವಾಗಿರಬೇಕು, ಕಟ್ಟಿದಾಗ ಕಲಿಸಹೊರಟರೆ ಆಗದು.

ಆಕ್ಸಿಜನ್ ಸಿಲಿಂಡರ್‌ಗೆ ಓಡುವವರೇ ಹೆಚ್ಚು. ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಏದುಸಿರು ಬರುತ್ತದೆ, ಆಗ ಸಿಲಿಂಡರ್‌ನಿಂದ ಹೆಚ್ಚೇನೂ ಸಿಗುವುದಿಲ್ಲ. ಬೇಕೋ ಬೇಡವೋ ವೈದ್ಯರೇ ಹೇಳಲಿ. ತಂದರೆ, ಆ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದೂ ಕೂಡದು.

ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕದ ಹೆಸರೆತ್ತಿದರೆ ಮನೆಯವರು ಬೆಚ್ಚುತ್ತಾರೆ. ನೋವಿಗಲ್ಲದೆ, ಕೆಲವರಿಗೆ ಏದುಸಿರಿಗೂ ವೈದ್ಯರು ಅದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಹೇಳಿದಷ್ಟೇ ಕೊಡಿ. ಮಲಬದ್ಧತೆ ಬಹುಮಟ್ಟಿಗೆ ಖಚಿತ. ಹಾಗಾಗಿ ಮೊದಲ ದಿನವೇ ಅದಕ್ಕೂ ಔಷಧ ಬರೆಸಿಕೊಳ್ಳಿ, ಬಾಳೆಹಣ್ಣನ್ನೇ ನಂಬಿ ಕೂರಬೇಡಿ.

ಸ್ನಾನಕ್ಕೆ ಸ್ಟೂಲ್ ಇಡಿ, ಊಟ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ.

ಇನ್ನು ಕೆಲವಕ್ಕೆ ಮನೆಮದ್ದಿಲ್ಲ. ಕೀಮೊ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಹೊರಡಿ. ಕೆಮ್ಮಿನಲ್ಲಿ ರಕ್ತ, ಮುಖ–ಕುತ್ತಿಗೆಯ ಊತ, ಬೆನ್ನುನೋವಿನ ಜೊತೆ ಕಾಲು ಸೋಲುವುದು, ಇದ್ದಕ್ಕಿದ್ದಂತೆ ಉಸಿರು ಹದಗೆಡುವುದು ಕೂಡ ತುರ್ತೇ.

ನೋಡಲು ಬಂದವರು ‘ಎಷ್ಟು ಸೇದುತ್ತಿದ್ದರು?’ ಎಂದು ಕೇಳದೇ ಬಿಡುವುದಿಲ್ಲ. ಬಾಗಿಲಲ್ಲೇ ತಡೆಯಿರಿ. ಒಮ್ಮೆಯೂ ಸೇದದವರಿಗೂ ಈ ರೋಗ ಬರುತ್ತದೆ. ಸೇದಿದವರಿಗೆ ಆ ಪ್ರಶ್ನೆಯಿಂದ ಉಸಿರೇನೂ ಸಲೀಸಾಗದು. ಈಗಲೂ ಬಿಡಲಾಗುತ್ತಿಲ್ಲವೆನ್ನುವವರಿಗೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ ಇದೆ: 1800-11-2356. ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಆರೈಕೆ ಮಾಡಿ ಸುಸ್ತಾದ ಹೆಂಡತಿ, ಮಗನಿಗೂ ಅದೇ ಸಂಖ್ಯೆ.

ಬೆಂಗಳೂರಿನ ‘ಕರುಣಾಶ್ರಯ’ ಆರೈಕೆ ಕೇಂದ್ರವು ಕಾಯಿಲೆ ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ, ಅದರ ತಂಡ ಮನೆಗಳಿಗೂ ಹೋಗುತ್ತದೆ. ಬೇರೆ ಊರಿನವರಾದರೆ, ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲೇ ಉಪಶಾಮಕ ಆರೈಕೆ ವಿಭಾಗ ಎಲ್ಲಿದೆ ಎಂದು ಮೊದಲ ಭೇಟಿಯಲ್ಲೇ ವಿಚಾರಿಸಿ, ಅಲ್ಲಿನ ನರ್ಸ್ ಫೋನ್ ನಂಬರ್ ಕೇಳಿ ಪಡೆಯಿರಿ.