ಡ್ಯೂಟಿ ಚೀಟಿಯಿಂದಲೇ ಹೊರರೋಗಿಗಳ ಲೆಕ್ಕ: ನನ್ನ ಅನುಭವ

ಸೇನಾ ಚಿಕಿತ್ಸಾಲಯದಲ್ಲಿ ಹೊರರೋಗಿಗಳ ಭೇಟಿಯನ್ನು ಒಂದೂ ಬಿಡದೆ ದಾಖಲಿಸುವುದು ಆಗದ ಮಾತು ಎಂದವರೇ ಈಗ ನನ್ನ ಡ್ಯೂಟಿ ಚೀಟಿಯ (ಸೈನಿಕನಿಗೆ ಎಂಥ ಕೆಲಸ ಕೊಡಬಹುದೆಂದು ವೈದ್ಯರು ಘಟಕಕ್ಕೆ ಬರೆದುಕೊಡುವ ಚೀಟಿಯ) ನಮೂನೆಯನ್ನು ಕೇಳಿ ಪಡೆಯುತ್ತಿರುವುದರಿಂದ, ಆ ವಿಧಾನ ಕೈಹಿಡಿದ ಬಗೆಯನ್ನು ಬರೆದಿಡುತ್ತಿದ್ದೇನೆ.

ಮೊದಲು ಕೈಸುಟ್ಟುಕೊಂಡದ್ದು ವೃತ್ತ ತುಂಬುವ ಹಾಳೆಗಳಲ್ಲಿ. ಬೆಳಗಿನ ಸಿಕ್ ಪೆರೇಡಿಗೆ, ಅಂದರೆ ಕಾಯಿಲೆಯ ಸೈನಿಕರು ವೈದ್ಯರಿಗೆ ತೋರಿಸಿಕೊಳ್ಳುವ ಹೊತ್ತಿಗೆ, ಎಂಬತ್ತು ತೊಂಬತ್ತು ಮಂದಿ ಬಂದು ನಿಲ್ಲುತ್ತಿದ್ದರು. ಹಾಳೆಗಳು ಸಮವಸ್ತ್ರದ ಜೇಬಿನಲ್ಲಿ ಮಡಿಕೆ ಬಿದ್ದು, ಬೆವರಿನಲ್ಲಿ ನೆನೆದು ನಮ್ಮ ಕೈ ಸೇರುತ್ತಿದ್ದವು. ಸ್ಕ್ಯಾನರ್ ಐದರಲ್ಲಿ ಒಂದನ್ನಾದರೂ ತಿರಸ್ಕರಿಸುತ್ತಿತ್ತು. ಮುದ್ರಣಕ್ಕೂ ಯಂತ್ರದ ದುರಸ್ತಿಗೂ ಸೇರಿ ದಾಖಲೆ ವಿಭಾಗದ ವರ್ಷದ ಅನುದಾನದಲ್ಲಿ ಹೆಚ್ಚುಕಡಿಮೆ ಅರ್ಧ ಕರಗಿತು. ಬಳಿಕ ವೈದ್ಯರ ಮೇಜಿಗೇ ಕಂಪ್ಯೂಟರ್ ಹಾಕಿಸಿದೆವು. ಸಾಲು ಬೆಳೆದಂತೆ ಅವರು ಕಾಯಿಲೆಗಳ ಪಟ್ಟಿಯ ಮೊದಲ ಕೋಡನ್ನೇ ಒತ್ತಿ ಮುಂದಿನವರನ್ನು ಕರೆಯತೊಡಗಿದರು. ಆ ತಿಂಗಳ ವರದಿಯಲ್ಲಿ ಕಾಲು ಉಳುಕಿದವರೂ ಸೊಂಟನೋವಿನವರೂ ಜೆ06.9ರ, ಅಂದರೆ ನೆಗಡಿ ಗಂಟಲುನೋವಿನ, ಲೆಕ್ಕಕ್ಕೆ ಸೇರಿದ್ದರು.

ಒಂದು ದಿನ ಸೈನಿಕನೊಬ್ಬ ಅರ್ಧ ದಾರಿಯಿಂದ ಓಡಿ ಬಂದು, ಹಗುರ ಕೆಲಸದ ಚೀಟಿ ಇಲ್ಲದಿದ್ದರೆ ಘಟಕದಲ್ಲಿ ತನ್ನನ್ನು ಓಟಕ್ಕೆ ನಿಲ್ಲಿಸುತ್ತಾರೆಂದು ಕೇಳಿದ. ನಮ್ಮ ಹಾಳೆಯನ್ನು ತುಂಬದೆ ಹೋದವನು ಆ ಚೀಟಿಗಾಗಿ ಹಿಂದಿರುಗಿದ್ದ. ಮಾಹಿತಿಗೆಂದು ಬೇರೆ ಕಾಗದವೇ ಬೇಡವೆಂದು ಅಂದೇ ತೀರ್ಮಾನಿಸಿದೆ.

ಕ್ರಮಸಂಖ್ಯೆಯಿರುವ ಡ್ಯೂಟಿ ಚೀಟಿ ಪುಸ್ತಕವನ್ನು ಕಾರ್ಬನ್ ಪ್ರತಿಯೊಂದಿಗೆ ಮುದ್ರಿಸಿದೆವು. ಮೇಲಿನ ಹಾಳೆ ಕೆಳಗಿನದಕ್ಕಿಂತ ಎರಡು ಬೆರಳು ಗಿಡ್ಡ; ಕೆಳಗೆ ಹೊರಚಾಚಿದ ಆ ಅಂಚಿನಲ್ಲಿ ಮಾತ್ರ ವೈದ್ಯರು ಕಾಯಿಲೆಯ ಹೆಸರನ್ನು ಮಾತಿನಲ್ಲಿ ಬರೆಯುವುದರಿಂದ, ಘಟಕಕ್ಕೆ ಹೋಗುವ ಹಾಳೆಯಲ್ಲಿ ರೋಗದ ಗುಟ್ಟು ಇರುವುದಿಲ್ಲ. ಕೋಡ್ ಹಾಕುವುದು ಮಧ್ಯಾಹ್ನ, ನಮ್ಮ ಗುಮಾಸ್ತರ ಕೆಲಸ. ಮೊದಲ ತಿಂಗಳು ಸುಮಾರು 1,900 ಭೇಟಿಗಳಲ್ಲಿ ತಪ್ಪಿದ್ದು ಮೂವತ್ತರ ಆಸುಪಾಸು. ಹಿಂದೆ ಮುನ್ನೂರಕ್ಕೆ ಕಡಿಮೆ ಎಂದೂ ಇರಲಿಲ್ಲ. ಖರ್ಚು ಸ್ಕ್ಯಾನರ್ ಕಾಲದ ಆರನೇ ಒಂದು ಪಾಲಿಗೆ ಇಳಿಯಿತು. ಕಾಣೆಯಾದ ಕ್ರಮಸಂಖ್ಯೆಯನ್ನು ಅದೇ ಸಂಜೆ ಹುಡುಕಿ ತೆಗೆಯುವ ಉಪಾಯವೊಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕುಟುಂಬದವರಿಗೆ ಡ್ಯೂಟಿ ಚೀಟಿಯ ಹಂಗಿಲ್ಲವಾದ್ದರಿಂದ ಅವರ ಔಷಧ ಚೀಟಿಯನ್ನೇ ಅದೇ ರೀತಿ ಮಾಡಿದೆವು. ಅಲ್ಲಿ ಬೇರೊಂದು ತೊಡಕು ಎದುರಾಯಿತು: ಸೈನಿಕ, ಹೆಂಡತಿ, ಮೂವರು ಮಕ್ಕಳು ಒಂದೇ ಸೇವಾ ಸಂಖ್ಯೆಯಲ್ಲಿ ಬರುತ್ತಿದ್ದರಿಂದ ಒಬ್ಬನೇ ವಾರದಲ್ಲಿ ಐದು ಬಾರಿ ಬಂದಂತೆ ಕಾಣುತ್ತಿತ್ತು. ಸಂಖ್ಯೆಯ ಕೊನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಕಿ ಸೇರಿಸಿದ ಮೇಲೆ ಅದು ಸರಿಹೋಯಿತು. ಕಾಯುವ ಹೊತ್ತನ್ನು ಅಳೆಯೋಣವೆಂದು ಚೀಟಿಯಲ್ಲಿ ಸಮಯದ ಖಾನೆಯನ್ನೂ ಇಟ್ಟು ನೋಡಿದೆ. ಎಲ್ಲರೂ ಎಂಟೂವರೆ ಎಂದೇ ಬರೆದದ್ದರಿಂದ ಎರಡು ವಾರದಲ್ಲಿ ಕೈಬಿಟ್ಟೆ.

ವಾರ್ಷಿಕ ತಪಾಸಣೆಯವರನ್ನು ಮಾತ್ರ ಇದರಲ್ಲಿ ಬೆರೆಸಬಾರದು. ಕಾಯಿಲೆಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿಯಾದ ಐಸಿಡಿ-10ರಲ್ಲಿ ಸಶಸ್ತ್ರ ಪಡೆಗಳ ಸಾಮಾನ್ಯ ತಪಾಸಣೆಗೆಂದೇ ಝಡ್10.2 ಇದ್ದರೂ ನಾವು ಅದನ್ನು ಬಳಸದೆ, ತಪಾಸಣೆಯ ತಿಂಗಳಲ್ಲಿ ಕಾಯಿಲೆ ದುಪ್ಪಟ್ಟಾಯಿತೆಂದು ಮೇಲಧಿಕಾರಿಗಳಿಗೆ ವರದಿ ಕಳಿಸಿಬಿಟ್ಟಿದ್ದೆವು. ಈಗ ಅವರಿಗೆ ಹಳದಿ ಬಣ್ಣದ ಬೇರೆ ಪುಸ್ತಕವಿದೆ.