ಮೊಟ್ಟೆ ಟ್ರೇಯಲ್ಲಿ ಟಬೂಬಿಯಾ, ತೆಂಗಿನ ನಾರಿನಲ್ಲಿ ಕೊಕ್ಕರೆ ಗೂಡು

ಯುಗಾದಿಗೆ ಮನೆ ಧೂಳು ಹೊಡೆಯುವಾಗ ಎಷ್ಟೊಂದು ಸಾಮಾನು ಹೊರಬೀಳುತ್ತದೆ ನೋಡಿ. ಹಳೇ ಮದುವೆ ಕಾಗದ, ಮೊಟ್ಟೆ ಟ್ರೇ, ಹೊಸ ಶರ್ಟಿನ ಜೊತೆ ಬಂದ ರಟ್ಟು, ತೆಂಗಿನ ನಾರು, ಪೇಪರ್ ರಾಶಿ. ಗುಜರಿಯವರಿಗೆ ಕೊಡುವ ಮೊದಲು ಒಂದು ಚೀಲದಷ್ಟು ಎತ್ತಿಡಿ. ಮೂರರಿಂದ ಆರು ವರ್ಷದ ಮಗು ಮನೆಯಲ್ಲಿದ್ದರೆ ನಾಲ್ಕೈದು ಮಧ್ಯಾಹ್ನಕ್ಕೆ ಇಷ್ಟು ಸಾಕು. ಅಂಗಡಿಯ ಕ್ರಾಫ್ಟ್ ಕಿಟ್ ಬೇಡವೇ ಬೇಡ. ಅದರಲ್ಲಿ ಎಲ್ಲವನ್ನೂ ಮೊದಲೇ ಕತ್ತರಿಸಿ ಇಟ್ಟಿರುತ್ತಾರೆ, ಮಗುವಿಗೆ ಅಂಟಿಸುವುದು ಬಿಟ್ಟರೆ ಬೇರೆ ಕೆಲಸವೇ ಇರುವುದಿಲ್ಲ.

ಕತ್ತರಿ ಹಿಡಿಯುವ ಮೊದಲು ಮಗುವನ್ನು ಹೊರಗೆ ಕರೆದುಕೊಂಡು ಹೋಗಿ. ಇದನ್ನು ಮಾತ್ರ ಬಿಡಬೇಡಿ. ಮೈಸೂರಿನ ರಸ್ತೆಗಳಲ್ಲಿ ಗುಲಾಬಿ ಟಬೂಬಿಯಾ ಬಿಟ್ಟಾಗ ಮರದ ಕೆಳಗೆಲ್ಲ ಹೂವೇ ಹೂವು. ಬಿದ್ದ ಹೂವೊಂದನ್ನು ಮಗುವಿನ ಕೈಗೆ ಕೊಡಿ. ಹೊರಗೆ ಗುಲಾಬಿ, ಗಂಟಲಿನ ಒಳಗೆ ಹಳದಿ, ಅಂಚು ಐದು ಭಾಗವಾಗಿ ಸುಕ್ಕುಗಟ್ಟಿರುತ್ತದೆ. ಹೀಗೆ ಮುಟ್ಟಿ ನೋಡಿದ ಮಗು ಮಾಡುವ ಹೂವೇ ಬೇರೆ, ಮೊಬೈಲಿನಲ್ಲಿ ವಿಡಿಯೋ ನೋಡಿ ಮಾಡುವ ಹೂವೇ ಬೇರೆ.

ಈಗ ಅಂಟು. ಎರಡು ಚಮಚ ಮೈದಾಕ್ಕೆ ಒಂದು ಲೋಟ ತಣ್ಣೀರು ಹಾಕಿ ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುಗಿಸಿ. ಹಾಲಿನ ಬಿಳುಪು ಹೋಗಿ ಗಂಜಿಯ ಹದಕ್ಕೆ ಬಂದ ಕೂಡಲೇ ಇಳಿಸಿ, ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು, ಹುಳಿ ವಾಸನೆ ಬಂದರೆ ಚೆಲ್ಲಿ. ಹುಳು ಹಿಡಿಯಬಾರದು ಅಂತ ಹಿಂದೆ ಇದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ. ಮಕ್ಕಳ ಕೈ ಬಾಯಿಗೆ ಹೋಗುತ್ತಲೇ ಇರುತ್ತದಲ್ವಾ, ಹಾಗಾಗಿ ಅದರ ಸಹವಾಸ ಬೇಡ.

ಬಣ್ಣಕ್ಕೆ ಅಡುಗೆಮನೆಗೇ ಹೋಗಿ. ಎರಡು ಬಟ್ಟಲಲ್ಲಿ ಅರಿಶಿನದ ನೀರು ಮಾಡಿ. ಒಂದಕ್ಕೆ ಅಡುಗೆ ಸೋಡಾವನ್ನು ಮಗುವಿನ ಕೈಯಲ್ಲೇ ಹಾಕಿಸಿ. ಹಳದಿ ನೀರು ಕಣ್ಣೆದುರೇ ಕೆಂಪಗಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರೂ ಇದೇ ಗುಟ್ಟು, ಅಲ್ಲಿ ಸೋಡಾ ಬದಲು ಸುಣ್ಣ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಅದಕ್ಕೇ ಮಕ್ಕಳ ಜೊತೆ ಸೋಡಾ ಬಳಸಿ. ಆ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿದರೆ ನೊರೆ ಎದ್ದು ಮತ್ತೆ ಹಳದಿ! ಮಗು ಇದನ್ನೇ ಅರ್ಧ ಗಂಟೆ ಆಡಿದರೆ ಆಡಲಿ, ಹೂವು ನಾಳೆ ಮಾಡಿದರಾಯಿತು. ಗುಲಾಬಿ ಬಣ್ಣಕ್ಕೆ ಬೀಟ್‌ರೂಟ್ ತುರಿದು ಹಿಂಡಿ. ಅರಿಶಿನವಾಗಲಿ ಬೀಟ್‌ರೂಟ್ ಆಗಲಿ ಬಿಸಿಲಿಗೆ ಬೇಗ ಮಾಸುತ್ತದೆ, ಆದ್ದರಿಂದ ಮಾಡಿದ್ದನ್ನು ನೆರಳಿನಲ್ಲೇ ಒಣಗಿಸಿ. ಕೆಳಗೆ ಹಾಸಲು ಹಾಲಿನ ಪ್ಯಾಕೆಟ್‌ಗಳನ್ನು ತೊಳೆದು, ಬಿಡಿಸಿ, ಸೆಲ್ಲೋಟೇಪ್ ಹಚ್ಚಿ ಜೋಡಿಸಿಕೊಳ್ಳಿ. ನೆಲಕ್ಕೆ ಅರಿಶಿನ ಹತ್ತುವುದಿಲ್ಲ.

ಹೂವಿಗೆ ಕಾಗದದ ತಿರುಳಿನ ಮೊಟ್ಟೆ ಟ್ರೇ ಬೇಕು, ಪ್ಲಾಸ್ಟಿಕ್ಕಿನದು ಆಗುವುದಿಲ್ಲ. ಮೊಟ್ಟೆ ಒಡೆದು ಅಂಟಿರುವ ಟ್ರೇ ಮುಟ್ಟಬೇಡಿ, ಚೆನ್ನಾಗಿರುವುದನ್ನೂ ಒಂದು ದಿನ ಬಿಸಿಲಿಗೆ ಹಾಕಿ. ಮನೆಗೆ ಮೊಟ್ಟೆ ತರದವರು ಹಣ್ಣಿನ ಅಂಗಡಿಯಲ್ಲಿ ಸೇಬು ಜೋಡಿಸಿ ಬರುವ ಟ್ರೇ ಕೇಳಿ, ಸುಮ್ನೆ ಕೊಡುತ್ತಾರೆ. ಒಂದೊಂದು ಗುಳಿಯನ್ನೂ ನೀವೇ ಕತ್ತರಿಸಿ ಕೊಡಿ, ಆ ರಟ್ಟು ಪುಟ್ಟ ಕೈಗೆ ಬಗ್ಗುವುದಿಲ್ಲ. ಅಂಚಿನಲ್ಲಿ ಐದು ಸೀಳು ಹಾಕಿ. ಮುಂದಿನದೆಲ್ಲ ಮಗುವಿನ ಕೆಲಸ. ಸೀಳಿದ ತುದಿಗಳನ್ನು ಬೆರಳಿಗೆ ನೀರು ಮುಟ್ಟಿಸಿಕೊಂಡು ಒದ್ದೆ ಮಾಡಿ ಹೊರಕ್ಕೆ ಬಾಗಿಸಬೇಕು. ಒದ್ದೆಯಾದರೆ ರಟ್ಟು ಮೆತ್ತಗಾಗುತ್ತದೆ, ಒಣಗಿದಾಗ ಬಾಗಿದ ಹಾಗೇ ನಿಲ್ಲುತ್ತದೆ, ಸುಕ್ಕು ಕೂಡ ತಾನಾಗೇ ಬರುತ್ತದೆ. ಆಮೇಲೆ ಹೊರಗೆ ಬೀಟ್‌ರೂಟ್, ಒಳಗೆ ಅರಿಶಿನ. ಬೂದು ಬಣ್ಣದ ಟ್ರೇ ಮೇಲೆ ಬೀಟ್‌ರೂಟ್ ಮಂಕಾಗಿ ಕಂಡರೆ ಮೊದಲು ರಂಗೋಲಿ ಪುಡಿಯನ್ನು ನೀವೇ ಅಂಟಿನಲ್ಲಿ ಕಲಸಿ ಬಳಿದು ಒಣಗಿಸಿ ಕೊಡಿ, ಪುಡಿ ಹಾರಿ ಮಗುವಿನ ಮೂಗಿಗೆ ಹೋಗಬಾರದು. ಒಣಗಿದ ಹೂವುಗಳನ್ನು ಎಲೆ ಇಲ್ಲದ ಒಣ ಕೊಂಬೆಗೆ ಅಂಟಿಸಿ. ಟಬೂಬಿಯಾ ಮರವೂ ಹೂವಿನ ಕಾಲಕ್ಕೆ ಎಲೆ ಉದುರಿಸಿಕೊಂಡೇ ನಿಂತಿರುತ್ತದೆ. ಎಲೆ ಎಲ್ಲಿ ಹೋಯಿತು ಅಂತ ಮಗು ಕೇಳಿದರೆ ಮತ್ತೊಮ್ಮೆ ಮರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ.

ಮದುವೆ ಕಾಗದದಲ್ಲಿ ತೋರಣ ಸುಲಭ. ಮಾವಿನೆಲೆ ಇಟ್ಟು ಸುತ್ತ ಗೆರೆ ಎಳೆದು, ಕತ್ತರಿಸಿ, ನಡುವೆ ಮಡಚಿ ದಾರಕ್ಕೆ ಅಂಟಿಸಿದರೆ ಮುಗಿಯಿತು. ಯುಗಾದಿ ದಿನ ಮುಂಬಾಗಿಲಿಗೆ ನಿಜವಾದ ಮಾವಿನೆಲೆಯೇ ಇರಲಿ, ಇದು ಮಗುವಿನ ಕೋಣೆ ಬಾಗಿಲಿಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊಕ್ಕರೆ ಮರ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ, ಮನೆಗಳ ತಲೆ ಮೇಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಓಡಿಸುವುದಿಲ್ಲ, ಬಂದರೆ ಒಳ್ಳೆಯದು ಅಂತ ನಂಬುತ್ತಾರೆ. ಆಗುವುದಾದರೆ ಬೇಸಿಗೆ ಜೋರಾಗುವ ಮೊದಲೇ ಹೋಗಿ ನೋಡಿ ಬನ್ನಿ, ದೂರವಾದರೆ ರಂಗನತಿಟ್ಟಾದರೂ ಆಗಬಹುದು. ಬಂದ ಮೇಲೆ ಹಳೇ ಡಬ್ಬಕ್ಕೆ ಮಣ್ಣು ತುಂಬಿ ಕವಲು ಜಾಸ್ತಿ ಇರುವ ಕೊಂಬೆ ನೆಡಿ. ತೆಂಗಿನ ನಾರನ್ನು ಮಗುವೇ ಎಳೆದು ಬಿಡಿಸಲಿ, ಅದನ್ನು ಅಂಟಿನಲ್ಲಿ ಅದ್ದಿ ಪುಟ್ಟ ಬಟ್ಟಲಿನ ಬೆನ್ನಿಗೆ ಸುತ್ತಿ ರಾತ್ರಿ ಒಣಗಲು ಬಿಡಿ. ಬಟ್ಟಲಿಗೆ ಮೊದಲೇ ಎಣ್ಣೆ ಸವರಿದ್ದರೆ ಬೆಳಗ್ಗೆ ಗೂಡು ಸಲೀಸಾಗಿ ಬಿಡುತ್ತದೆ. ಹಕ್ಕಿಯ ಮೈಗೆ ಪೇಪರ್ ಉಂಡೆ ಕಟ್ಟಿ ಮೇಲೆ ಬಿಳಿ ಕಾಗದ ಅಂಟಿಸಿ, ಕಾಲಿಗೆ ಪೊರಕೆ ಕಡ್ಡಿ, ಕೊಕ್ಕಿಗೆ ಹಳದಿ ಮದುವೆ ಕಾಗದ. ಬಾಲದ ಹತ್ತಿರ ಬೀಟ್‌ರೂಟ್ ಬಣ್ಣ ಸ್ವಲ್ಪ ತಾಗಿಸಿದರೆ ಬಣ್ಣದ ಕೊಕ್ಕರೆ. ಹೆಜ್ಜಾರ್ಲೆ ಬೇಕೆಂದರೆ ಕೊಕ್ಕಿನ ಕೆಳಗೆ ಚೀಲ ಅಂಟಿಸಬೇಕು, ಅದಕ್ಕೆ ಟೀ ಬ್ಯಾಗ್ ಒಣಗಿಸಿ ಸೊಪ್ಪು ತೆಗೆದ ಕಾಗದ ಚೆನ್ನಾಗಿ ಒಪ್ಪುತ್ತದೆ.

ಹಕ್ಕಿಯ ಕಾಲು ಸೊಟ್ಟಗಿದ್ದರೆ ಇರಲಿ. ಮಗು ಮಲಗಿದ ಮೇಲೆ ನೀವು ಅದನ್ನು ನೆಟ್ಟಗೆ ಮಾಡಿಟ್ಟರೆ ಬೆಳಗ್ಗೆ ಅದಕ್ಕೆ ಗೊತ್ತಾಗಿಬಿಡುತ್ತದೆ, ‘ಇದು ನಂದಲ್ಲ’ ಅನ್ನುತ್ತದೆ.

ಕಣ್ಣಿಗೆ ಗುಂಡಿ, ಮಣಿ, ಸ್ಟೇಪ್ಲರ್ ಪಿನ್ನು ಯಾವುದೂ ಬೇಡ, ಮನೆಯಲ್ಲಿ ಇನ್ನೂ ಚಿಕ್ಕ ಕೂಸು ಇದ್ದರೆ ನುಂಗಿಬಿಡಬಹುದು. ಇದ್ದಿಲಿನ ಒಂದು ಚುಕ್ಕೆ ಇಟ್ಟರೆ ಕಣ್ಣಾಯಿತು. ಮಳೆ ಶುರುವಾದಾಗ ಕಾಗದ ತಂಪು ಹಿಡಿದು ಬೂಷ್ಟು ಬರುತ್ತದೆ, ಆಗ ಮಿಂಚುವ ಮದುವೆ ಕಾಗದವನ್ನು ಬೇರೆ ಮಾಡಿ, ಟ್ರೇ, ನಾರು, ಪೇಪರ್ ಹರಿದು ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ.